ಪದವಿನ ಬಾನಕ್ಕಿ, ಇಂಗ್ಲೆಂಡಿನ ನಾಯಿ

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಕಾಲೇಜಿನ ದಿನಗಳಲ್ಲಿ ನಮ್ಮ ಅಧ್ಯಾಪಕರು, ಇಂಗ್ಲಿಷ್ ಸುಧಾರಿಸಲಿ ಎಂದು ಪತ್ರ ಬರೆಯಲು ಕೊಟ್ಟ ವಿಳಾಸ ಅವಳದು. ನನ್ನ ಇಂಗ್ಲಿಷ್ ಎಷ್ಟು ಸುಧಾರಿಸಿತೋ ದೇವರಿಗೇ ಗೊತ್ತು, ಉಡುಪಿಯಲ್ಲಿ ಅದನ್ನೇ ಕಲಿಸಿ ನಿವೃತ್ತಳಾಗುವಷ್ಟಂತೂ ಆಯಿತು. ಇಷ್ಟು ವರ್ಷಗಳಲ್ಲಿ ನಾವು ಒಮ್ಮೆಯೂ ಭೇಟಿಯಾಗಿಲ್ಲ. ಸ್ನೇಹ ಉಳಿದಿರುವುದೇ ಆ ಕಾರಣಕ್ಕೆ ಎಂದು ನನ್ನ ಗಂಡನ ಅಭಿಪ್ರಾಯ.

ಮೊದಲು ಕಾಗದ, ಈಗ ವಾಟ್ಸಾಪು. ಹರೆಯದಲ್ಲಿ ಕನಸುಗಳನ್ನೂ ಆಮೇಲೆ ಮಕ್ಕಳ ಮಾರ್ಕುಗಳನ್ನೂ ಆ ಬಳಿಕ ಮಂಡಿನೋವನ್ನೂ ಹಂಚಿಕೊಂಡು ಮುಗಿದ ಮೇಲೆ ನಮ್ಮ ನಡುವೆ ಒಂದು ವಿಚಿತ್ರ ಪಂದ್ಯ ಶುರುವಾಯಿತು. ಯಾರ ಊರಿನಲ್ಲಿ ಹೆಚ್ಚು ಜೀವಿಗಳು ಕಾಣೆಯಾಗಿವೆ ಎಂಬ ಪಂದ್ಯ. ಈ ವಸಂತದಲ್ಲಿ ಕೋಗಿಲೆ ಕೂಗಲೇ ಇಲ್ಲ ಎಂದು ಅವಳು ಬರೆದರೆ, ನಮ್ಮ ಮಕ್ಕಳು ರಣಹದ್ದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ ಎಂದು ನಾನು. ಬೇಲಿಯ ಬುಡದಲ್ಲಿ ಉಂಡೆಯಾಗಿ ಮಲಗುತ್ತಿದ್ದ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿ ಮಾಯವಾಯಿತು ಎಂದು ಅವಳು. ಕಾಪುವಿನ ನನ್ನ ತವರುಮನೆಯ ಗದ್ದೆಯ ಕಪ್ಪೆಗಳು ಗದ್ದೆಯ ಜೊತೆಗೇ ಮಣ್ಣಿನಡಿಗೆ ಹೋದವು ಎಂದು ನಾನು. ಕೆಮ್ಮಣ್ಣು ಎಂಬ ಊರಿನ ಹೊಳೆಯಲ್ಲಿ ಮೊದಲಿನಂತೆ ಮರುವಾಯಿ ಸಿಗುವುದಿಲ್ಲ ಎಂದು ನಾನು ಬಹಳ ದುಃಖದಿಂದ ಬರೆದಾಗ ಅವಳು ಕೇಳಿದಳು, “ಮರುವಾಯಿ ಎಂದರೇನು?” ಚಿಪ್ಪಿನ ಜೀವಿ, ತೆಂಗಿನಕಾಯಿ ಅರೆದು ಸುಕ್ಕ ಮಾಡಿದರೆ ಸ್ವರ್ಗ ಎಂದೆ. ಅವಳು ಉತ್ತರಿಸಿದಳು: “ನೀನು ಕಳೆದುಕೊಂಡವುಗಳಲ್ಲಿ ಅರ್ಧದಷ್ಟು ನಿನ್ನ ಹೊಟ್ಟೆಗೇ ಹೋಗಿವೆ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.” ನನಗೆ ಸಿಟ್ಟು ಬಂತು. ತಿಂದವರಿಗೇ ಅಲ್ಲವೇ ಹೆಚ್ಚು ದುಃಖ?

ಹೋದ ವರ್ಷದ ಆರಂಭದಲ್ಲಿ ಅವಳ ಮಾತಿನ ಧಾಟಿ ಬದಲಾಯಿತು. ಅವಳ ಮನೆಯ ಹಿಂದೆ ಒಂದು ದೊಡ್ಡ ಗೋಧಿ ಹೊಲವಿದೆ. ಅದರ ಮೇಲೆ ವಸಂತದಲ್ಲಿ ಬಾನಕ್ಕಿಗಳು, ಅಂದರೆ ಅವರ ಸ್ಕೈಲಾರ್ಕ್‌ಗಳು, ಹಾಡುತ್ತಿದ್ದವು. ನೆಲದಲ್ಲಿ ಗೂಡು, ಆಕಾಶದಲ್ಲಿ ಹಾಡು, ಅದು ಆ ಹಕ್ಕಿಯ ಕ್ರಮ. ಈಗ ಅಲ್ಲಿ ಚಳಿಗಾಲಕ್ಕೆ ಮೊದಲೇ ಬಿತ್ತಿಬಿಡುತ್ತಾರಂತೆ. ಹಕ್ಕಿ ಗೂಡಿಗೆ ಜಾಗ ಹುಡುಕುವ ಹೊತ್ತಿಗೆ ಪೈರು ಎತ್ತರಕ್ಕೆ ನಿಂತು ನೆಲವೇ ಸಿಗುವುದಿಲ್ಲ. ಮೇಲಿನಿಂದ ಔಷಧಿ ಬೇರೆ. ಒಂದೊಂದಾಗಿ ಕಡಿಮೆಯಾಗಿ ಹಿಂದಿನ ವರ್ಷ ಒಂದೂ ಹಾಡಲಿಲ್ಲ. “ಈ ವರ್ಷವೂ ಬರುವುದಿಲ್ಲ, ನನಗೆ ಗೊತ್ತು. ರೇಡಿಯೋದವರ ಧ್ವನಿಮುದ್ರಣ ನನಗೆ ಬೇಡ. ಎಲ್ಲಾದರೂ ನಿಜವಾಗಿ ಬದುಕಿರುವ ಒಂದು ಬಾನಕ್ಕಿಯನ್ನು ಸಾಯುವ ಮೊದಲು ಇನ್ನೊಮ್ಮೆ ಕೇಳಬೇಕು. ನಿಮ್ಮಲ್ಲಿ ಉಂಟೇ?” ಎಂದು ಕೇಳಿದಳು. ಈ ಸಲ ಪಂದ್ಯದ ಮಾತಿರಲಿಲ್ಲ.

ನಾನು ಅಧಿಕಾರವಾಣಿಯಿಂದ ಬರೆದೆ: ಇಲ್ಲ, ಅದು ನಿಮ್ಮ ದೇಶದ ಹಕ್ಕಿ. ಮೂವತ್ತಕ್ಕೂ ಹೆಚ್ಚು ವರ್ಷ ಆ ಹಕ್ಕಿಯ ಮೇಲಿನ ಪದ್ಯಗಳನ್ನು ಪಾಠ ಮಾಡಿದವಳು ನಾನು, ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಕಾಣದ ಹಕ್ಕಿಯನ್ನು ಕಣ್ಣು ಅರಳಿಸಿ ಕೈ ಮೇಲಕ್ಕೆತ್ತಿ ಎಷ್ಟು ಚೆನ್ನಾಗಿ ಹಾರಿಸುತ್ತಿದ್ದೆನೆಂದರೆ ಮಕ್ಕಳು ತಾರಸಿ ನೋಡುತ್ತಿದ್ದರು. ಎರ್ಮಾಳಿನ ಮೀನುಗಾರರ ಮನೆಯ ಹುಡುಗಿಯೊಬ್ಬಳು ಮಾತ್ರ ಒಮ್ಮೆ ಎದ್ದು ನಿಂತು, “ಮೇಡಂ, ಅದನ್ನು ತಿನ್ನಲಿಕ್ಕೆ ಆಗ್ತದಾ?” ಎಂದು ಕೇಳಿದ್ದಳು. ಇಡೀ ವರ್ಷದಲ್ಲಿ ಆ ಪಾಠದ ಬಗ್ಗೆ ಬಂದ ಒಂದೇ ಪ್ರಶ್ನೆ ಅದು.

ಹಾಗೆ ಬರೆದು ಕೆಲವೇ ದಿನಗಳಾಗಿದ್ದವು. ಕಾರ್ಕಳದಲ್ಲಿ ಒಂದು ಮದುವೆ. ಊಟ ಮುಗಿಸಿ ಮಣಿಪಾಲದ ನಮ್ಮ ಮನೆಗೆ ಮರಳುತ್ತಿದ್ದೆವು. ನನ್ನ ಗಂಡನದು ಕೊಂಕಣಿ, ನನ್ನದು ತುಳು. ಜಗಳದಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು ಮನೆಯಲ್ಲಿ ಕನ್ನಡ. ಬ್ಯಾಂಕಿನಿಂದ ನಿವೃತ್ತರಾದ ಈ ಮನುಷ್ಯ ಹೋಳಿಗೆಯ ವಿಷಯದಲ್ಲಿ ಮಾತ್ರ ಯಾವ ಲೆಕ್ಕವನ್ನೂ ಇಡುವುದಿಲ್ಲ. ದಾರಿಯಲ್ಲಿ ಒಂದು ಪದವು ಸಿಕ್ಕಿತು. ಪದವು ಎಂದರೆ ಮುರಕಲ್ಲಿನ, ಅಂದರೆ ಮನೆ ಕಟ್ಟಲು ಕೊಯ್ಯುವ ಜಂಬಿಟ್ಟಿಗೆ ಕಲ್ಲಿನ, ಬಯಲು. ಮಳೆಗಾಲದಲ್ಲಿ ಹೂವು, ಉಳಿದ ಕಾಲದಲ್ಲಿ ಕಪ್ಪು ಕಲ್ಲು, ಒಣಹುಲ್ಲು. ಇವರು ಕಾರು ನಿಲ್ಲಿಸಿ, “ಸ್ವಲ್ಪ ಗಾಳಿ ಬೇಕು ಮಾರಾಯ್ತಿ” ಎಂದು ಇಳಿದರು. ನಾನೂ ಇಳಿದೆ. ರೇಷ್ಮೆ ಸೀರೆ, ತಲೆಯಲ್ಲಿ ಬಾಡತೊಡಗಿದ ಶಂಕರಪುರದ ಮಲ್ಲಿಗೆ, ಸುಡುವ ಬಿಸಿಲು.

ಆಗ ಮೇಲಿನಿಂದ ಏನೋ ಕೇಳಿಸಿತು. ಸಣ್ಣ ಧ್ವನಿ, ಆದರೆ ನಿಲ್ಲುವುದೇ ಇಲ್ಲ. ಸಿಳ್ಳು, ಚಿಲಿಪಿಲಿ, ನಡುವೆ ಬೇರೆ ಹಕ್ಕಿಗಳ ಅಣಕ, ಮತ್ತೆ ಸಿಳ್ಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರೆ ಆಕಾಶದಲ್ಲಿ ಒಂದು ಚುಕ್ಕೆ ರೆಕ್ಕೆ ಬಡಿಯುತ್ತ ನಿಂತಿದೆ. ಸ್ವಲ್ಪ ಹೊತ್ತಿಗೆ ಅದು ಇಳಿದು ಕಲ್ಲಿನ ಮೇಲೆ ಕುಳಿತಿತು. ಮಣ್ಣಿನ ಬಣ್ಣದ ಪುಟ್ಟ ಹಕ್ಕಿ, ತಲೆಯ ಮೇಲೆ ಚೂಪು ಜುಟ್ಟು. ಇದೇ ಹಾಡನ್ನು ನಾನು ಎಷ್ಟೋ ವರ್ಷ ಕೈಬೀಸಿ ವರ್ಣಿಸಿದ್ದೆ.

“ನೋಡಿ, ಬಾನಕ್ಕಿ!” ಎಂದೆ.

“ಅದಾ? ಅದು ಇಲ್ಲಿ ಯಾವಾಗಲೂ ಉಂಟಲ್ವಾ? ನಮ್ಮ ಮನೆ ಕಟ್ಟುವಾಗಲೂ ಇತ್ತು. ಅದಕ್ಕೆ ಎಂತ?” ಎಂದರು ಇವರು.

ಮನೆಗೆ ಬಂದು ಹಕ್ಕಿಗಳ ಪುಸ್ತಕ ತೆರೆದೆ. ಅವಳ ಬಾನಕ್ಕಿಯ ಹತ್ತಿರದ ಬಂಧು, ಮಲಬಾರಿನ ಜುಟ್ಟುಬಾನಕ್ಕಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಂಗ್ಲಿಷಿಗೆ ಅನುವಾದಿಸಿ ಗೆಳತಿಗೆ ಕಳಿಸಿದೆ. ಹೇಗಾದರೂ ಅದರ ಹಾಡನ್ನು ಕಳಿಸುತ್ತೇನೆಂದು ಮಾತೂ ಕೊಟ್ಟೆ.

ಮಾತು ಕೊಡುವುದು ಸುಲಭ. ಮೊದಲ ದಿನ ಹಕ್ಕಿ ಚೆನ್ನಾಗಿ ಹಾಡುತ್ತಿದ್ದಾಗ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸು ಬಂತು. ನಮ್ಮ ಕಡೆಯ ಬಸ್ಸಿನವರಿಗೆ ಹಾರ್ನು ಎಂದರೆ ಉಸಿರಾಟ. ಎರಡನೆಯ ಸಲ ಹೋದಾಗ ಹಕ್ಕಿ ಬಾಯಿ ತೆರೆಯುವುದಕ್ಕೂ ನನ್ನ ಗಂಡನ ಫೋನು ಭಜನೆ ಹಾಡುವುದಕ್ಕೂ ಸರಿಹೋಯಿತು. ಫೋನನ್ನು ಕಾರಿನಲ್ಲಿಡಿ ಎಂದು ಗದರಿ ಮತ್ತೊಂದು ದಿನ ಹೋದರೆ ನವಿಲುಗಳು! ಈಗ ನಮ್ಮಲ್ಲಿ ಎಲ್ಲ ಕಳೆದುಹೋದರೂ ನವಿಲಿಗೆ ಮಾತ್ರ ಬರವಿಲ್ಲ. ತರಕಾರಿ ಸಸಿಗಳನ್ನೆಲ್ಲ ನುಂಗಿ, ಪದವಿನ ಅಂಚಿನಲ್ಲಿ ನಿಂತು, ಯಾರೋ ಕುತ್ತಿಗೆ ಹಿಸುಕಿದ ಹಾಗೆ ಅರಚುತ್ತಿದ್ದವು. ರಾಷ್ಟ್ರಪಕ್ಷಿಗೆ ಬಾಯಿಗೆ ಬಂದದ್ದನ್ನೆಲ್ಲ ತುಳುವಿನಲ್ಲಿ ಬೈದೆ.

ಕೊನೆಗೆ ಹೋದ ದಿನ ಪದವಿನ ಒಂದು ಮೂಲೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ಬಂದಿತ್ತು. ಕೆಂಪು ಧೂಳು, ಕಿವಿ ಕಿವುಡಾಗುವ ಸದ್ದು. ನಾನು ಫೋನು ಹಿಡಿದು ಆಕಾಶ ನೋಡುತ್ತ ಸುತ್ತುವುದನ್ನು ಕಂಡು ಯಂತ್ರದವನು ಹತ್ತಿರ ಬಂದ. ಬಾಗಲಕೋಟೆ ಕಡೆಯವನು.

“ಏನ್ ಹುಡುಕಾಕತ್ತೀರಿ ಅಮ್ಮಾರ? ಏನರ ಕಳಕೊಂಡೀರೇನ್ರಿ?”

“ಇಲ್ಲ, ಹಕ್ಕಿಯ ಹಾಡು ಬೇಕಿತ್ತು. ಇಂಗ್ಲೆಂಡಿಗೆ ಕಳಿಸಲಿಕ್ಕುಂಟು” ಎಂದೆ.

ಅವನು ನನ್ನ ಮುಖ ನೋಡಿದ, ನನ್ನ ಗಂಡನ ಮುಖ ನೋಡಿದ. ಇವರು, ಎಂತ ಮಾಡುವುದು, ಕಟ್ಟಿಕೊಂಡಾಗಿದೆ ಎಂಬಂತೆ ಕೈ ಅಲ್ಲಾಡಿಸಿದರು. ಅವನಿಗೆ ನಗು ಬಂತು. “ಆತ್ ಬಿಡ್ರಿ. ಬಂದ್ ಮಾಡ್ತೀನಿ. ಮಾಲಕರು ಬರೂದ್ರಾಗ ಮುಗಸ್ರಿ ಮತ್ತ” ಎಂದು ಹೋಗಿ ಯಂತ್ರ ನಿಲ್ಲಿಸಿದ.

ಆ ಮೌನದಲ್ಲಿ ಹಕ್ಕಿ ಎದ್ದಿತು. ಹಾಡುತ್ತ ಹಾಡುತ್ತ ಮೇಲೆ ಹೋಯಿತು. ನಾನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಭುಜ ನೋಯುವವರೆಗೂ ನಿಂತೆ. ಯಂತ್ರದವನೂ ಬೀಡಿ ಹಚ್ಚದೆ ನಿಂತಿದ್ದ. ಹಾಡು ಮುಗಿಯುವ ಹೊತ್ತಿಗೆ ದೂರದಲ್ಲಿ ಬಸ್ಸಿನ ಹಾರ್ನು, ಅದರ ಹಿಂದೆಯೇ ನನ್ನ ಗಂಡನ ಸ್ವರ: “ಆಯ್ತಾ ಮಾರಾಯ್ತಿ? ಹಸಿವಾಗ್ತದೆ.” ಅಷ್ಟೂ ಸೇರಿಯೇ ಇಂಗ್ಲೆಂಡಿಗೆ ಹೋಯಿತು.

ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬರೆದಳು. ನಮ್ಮ ಹಕ್ಕಿಯಷ್ಟು ಉದ್ದಕ್ಕೆ ಹಾಡುವುದಿಲ್ಲ ನಿಮ್ಮದು, ನಡುವೆ ಉಸಿರು ತೆಗೆದುಕೊಳ್ಳುತ್ತದೆ ಎಂದು ಮೊದಲು ತಪ್ಪು ಹುಡುಕಿದಳು. ಆಮೇಲೆ, ಅದನ್ನು ಹೊಲಕ್ಕೆ ಒಯ್ದು ಜೋರಾಗಿ ಹಾಕಿ ಕೇಳಿ ಅತ್ತುಬಿಟ್ಟೆ ಎಂದಳು. ಜೊತೆಗಿದ್ದ ಅವಳ ಮುದಿ ನಾಯಿ, ಮರಿಯಾಗಿದ್ದಾಗಿನಿಂದ ಅದೇ ಹೊಲದಲ್ಲಿ ಓಡಾಡಿದ್ದು, ಹಾಡು ಕೇಳಿದ್ದೇ ತಲೆಯೆತ್ತಿ ಆಕಾಶ ನೋಡಿತಂತೆ. ಓದಿ ನನಗೂ ಕಣ್ಣು ತುಂಬಿತು. ಇವರು ಕೇಳಿದ್ದು ಒಂದೇ: “ನಾನು ಹಸಿವು ಅಂದದ್ದು ಅವಳಿಗೆ ಅರ್ಥ ಆಯ್ತಾ?”

ಮಳೆಗಾಲ ಕಳೆಯಿತು. ದೀಪಾವಳಿಯ ನಂತರ ಆ ದಾರಿಯಲ್ಲಿ ಹೋದಾಗ ಕಾರು ನಿಲ್ಲಿಸಿ ಎಂದೆ. ನಿಲ್ಲಿಸಲು ಅಲ್ಲಿ ಪದವು ಎಂಬುದೇ ಇರಲಿಲ್ಲ. ಅರ್ಧ ಹೊಂಡ, ಉಳಿದರ್ಧ ಸಮತಟ್ಟು ಮಾಡಿ ನೆಟ್ಟ ಸೈಟಿನ ಕಲ್ಲುಗಳು, ಮಣ್ಣಿನ ರಸ್ತೆ. ಬಹಳ ಹೊತ್ತು ಕಾದೆವು. ಏನೂ ಏಳಲಿಲ್ಲ. ಮನೆ ಸೇರುವವರೆಗೂ ಸೈಟು ಮಾಡಿದವರನ್ನು, ಕಲ್ಲು ಕೊಯ್ದವರನ್ನು ಬೈಯುತ್ತಲೇ ಇದ್ದೆ. ಗೇಟಿನ ಹತ್ತಿರ ಇವರು ಮೆಲ್ಲಗೆ ಹೇಳಿದರು, “ನಮ್ಮ ಮನೆಯೂ ಪದವಿನ ಮೇಲೆಯೇ ಇರುವುದಲ್ವಾ? ಗೋಡೆಯ ಕಲ್ಲು ಎಲ್ಲಿಂದ ಬಂತು ಅಂತ ಮಾಡಿದ್ದಿ?” ನನಗೆ ಅವರ ಮೇಲೆ ತಡೆಯಲಾರದ ಸಿಟ್ಟು ಬಂತು, ಮಾತು ನಿಜವಾದದ್ದರಿಂದ.

ಹಾಡನ್ನಾದರೂ ಕೇಳೋಣವೆಂದು ಫೋನು ತೆರೆದೆ. ಇಲ್ಲ. ಎಲ್ಲಿಯೂ ಇಲ್ಲ.

“ಫೋನು ತುಂಬಿತ್ತು, ನಾನೇ ಕಸ ತೆಗೆದು ಕ್ಲೀನ್ ಮಾಡಿದ್ದು” ಎಂದರು ಇವರು ಹೆಮ್ಮೆಯಿಂದ. ನೋಡಿದರೆ ಪೆನ್ಶನ್‌ದಾರರ ಬಳಗದ ಶುಭೋದಯದ ಗುಲಾಬಿಗಳೆಲ್ಲ ಹಾಗೇ ಇವೆ. ಆ ದಿನ ನಮ್ಮ ಮನೆಯಲ್ಲಿ ಕನ್ನಡ ಸಾಲದೆ ಅವರು ಕೊಂಕಣಿಗೂ ನಾನು ತುಳುವಿಗೂ ಹೋಗಬೇಕಾಯಿತು.

ಕೊನೆಗೆ ಗೆಳತಿಗೆ ಬರೆದೆ: ಪಂದ್ಯ ಸಮವಾಗಿದೆ. ನಮ್ಮ ಹಕ್ಕಿಯೂ ಹೋಯಿತು. ನಾನು ಕಳಿಸಿದ್ದನ್ನು ದಯವಿಟ್ಟು ವಾಪಸ್ ಕಳಿಸು.

ಅವಳ ಆ ಫೋನು ನೀರಿಗೆ ಬಿದ್ದು ಹಾಳಾಯಿತಂತೆ. ಆದರೆ ಅಂದು ಹೊಲದಲ್ಲಿ ಅವಳ ಮಗಳು ಬೇರೆ ಫೋನಿನಲ್ಲಿ ಒಂದು ಸಣ್ಣ ವಿಡಿಯೋ ತೆಗೆದಿದ್ದಳು. “ನನ್ನ ಅಳುಮುಖ ಇದೆ ಎಂದು ಕಳಿಸಿರಲಿಲ್ಲ. ನಗಬೇಡ” ಎಂದು ಬರೆದು ಅದನ್ನು ಕಳಿಸಿದಳು.

ಜಗಳವಾಗಿ ಬೇರೆ ಬೇರೆ ಕುರ್ಚಿಯಲ್ಲಿದ್ದ ನಾವಿಬ್ಬರೂ ಸೋಫಾಕ್ಕೆ ಬಂದು ಒಟ್ಟಿಗೆ ನೋಡಿದೆವು. ಬೂದು ಆಕಾಶ, ಎತ್ತರದ ಹಸಿರು ಪೈರು, ಅಂಚಿನಲ್ಲಿ ರಬ್ಬರ್ ಬೂಟು ಹಾಕಿದ ಮುದುಕಿ, ಕಾಲಬಳಿ ನರೆತ ಮೂತಿಯ ನಾಯಿ. ಅವಳು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು, ಥೇಟ್ ನಾನು ಹಿಡಿದ ಹಾಗೆಯೇ. ಅದರಿಂದ ನಮ್ಮ ಪದವಿನ ಹಕ್ಕಿ ಹಾಡಿತು. ಅಲ್ಲಿಯ ಗಾಳಿಯ ಸದ್ದಿನ ನಡುವೆ ಕಾರ್ಕಳದ ಬಸ್ಸು ಹಾರ್ನು ಹಾಕಿತು, ಯಾರಿಗೋ ಹಸಿವಾಯಿತು. ಈ ಸಲ ಇವರು ತಮಾಷೆ ಮಾಡಲಿಲ್ಲ.

ಮೊದಲಿನಿಂದ ಮತ್ತೆ ಹಾಕಿದೆವು. ಹಾಡು ಶುರುವಾದದ್ದೇ ನಾಯಿ ತಲೆಯೆತ್ತಿ ಆಕಾಶವನ್ನು ಹುಡುಕತೊಡಗಿತು. ಅದನ್ನು ನೋಡುತ್ತಿದ್ದ ನಾವೂ ತಲೆಯೆತ್ತಿದೆವು. ಮೇಲೆ ಫ್ಯಾನು ತಿರುಗುತ್ತಿತ್ತು.