ಮುದ್ದೆ ಉಂಡು ಪಾಠ ಕೇಳುತ್ತಿದ್ದ ಮೇಷ್ಟ್ರು

ನಮ್ಮ ಶಿವನಂಜಯ್ಯ ಮೇಷ್ಟ್ರಿಗೆ ನಿದ್ದೆಯೇ ಒರೆಗಲ್ಲು. ಸರ್ಕಾರಿ ಕಾಲೇಜಿನಿಂದ ನಿವೃತ್ತರಾಗಿದ್ದ ಅವರನ್ನು, ಹೊಸ ಉಪನ್ಯಾಸಕರನ್ನು ತಿದ್ದಲೆಂದು ರಾಮನಗರದ ಹೊರಗಿನ ನಮ್ಮ ಖಾಸಗಿ ವಿಶ್ವವಿದ್ಯಾಲಯದವರು ಕರೆಸಿಕೊಂಡಿದ್ದರು. ಮಾಗಡಿ ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎರಡು ಮುದ್ದೆ, ಉಪ್ಸಾರು ಉಂಡು, ನೆಟ್ಟಗೆ ಯಾರದಾದರೂ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ವಾಡಿಕೆ. "ಮುದ್ದೆ ಉಂಡೋನ್ನ ಎಚ್ಚರವಾಗಿ ಇಟ್ಕಳೋರೇ ಮೇಷ್ಟ್ರು. ಮಿಕ್ಕೋರೆಲ್ಲ ಜೋಗುಳ ಹಾಡೋರು" ಎನ್ನುತ್ತಿದ್ದರು.

ನಾನು ಅರ್ಥಶಾಸ್ತ್ರಕ್ಕೆ ಹೊಸದಾಗಿ ಸೇರಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಮೇಷ್ಟ್ರು ಹೂಂ ಅಂದರೆ ಉಳಿವು, ಇಲ್ಲವೆಂದರೆ ಗಂಟುಮೂಟೆ. ಬೇಡಿಕೆ, ಪೂರೈಕೆಯ ಗೆರೆಗಳನ್ನು ಪರದೆಯ ಮೇಲೆ ಬಣ್ಣಬಣ್ಣವಾಗಿ ತೋರಿಸಿ ಇತ್ತ ತಿರುಗಿದರೆ, ಹಿಂದಿನ ಬೆಂಚಿನಿಂದ ಗೊರಕೆ. ಹುಡುಗರು ಕಿಸಕ್ಕೆಂದರು. ನನಗೆ ಅಳುವೇ ಬಂತು. ಆಮೇಲೆ ಮೇಷ್ಟ್ರೇ ಟೀ ಕುಡಿಸಿದರು. "ಬೇಜಾರ್ ಮಾಡ್ಕಬೇಡ ಕಣವ್ವ. ನೀನು ಗೋಡೆಗೆ ಪಾಠ ಮಾಡ್ದೆ, ಗೋಡೆ ಪಾಸಾಯ್ತದೆ. ನಾಳೀಕೆ ಒಸಿ ನಮ್ ಕಡೀಕೂ ತಿರುಗು."

ಮರುದಿನ ಪರದೆ ಬಿಚ್ಚಲಿಲ್ಲ. ಮಾರುಕಟ್ಟೆಗೆ ರೇಷ್ಮೆಗೂಡು ರಾಶಿ ಬಂದು ರೇಟು ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ ಸುಮ್ಮನೆ ನಿಂತೆ. ತರಗತಿ ಸಂತೆಯಾಯಿತು. ನೋಡಿದರೆ, ಮೇಷ್ಟ್ರೂ ಎದ್ದು ನಿಂತಿದ್ದಾರೆ. ಗೂಡನ್ನು ವಾಪಸು ಹೊತ್ತೊಯ್ದು, ರೇಟು ಏರುವ ತನಕ ಅಟ್ಟದ ಮೇಲಿಡುತ್ತೇನೆಂದು ಅವರ ವಾದ.

ಬೈರಾಪಟ್ಟಣದ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿದಳು. "ಇಡಿ ಸಾ. ರೇಟ್ ಏರೋ ಹೊತ್ಗೆ ಚಿಟ್ಟೆ ತೂತ್ ಮಾಡ್ಕಂಡು ಹಾರೋಗಿರ್ತದೆ. ತೂತ್ ಗೂಡ್ನ ಯಾರ್ ತಕ್ಕಂತಾರೆ?"

ಮೇಷ್ಟ್ರು ಹಣೆ ಚಚ್ಚಿಕೊಂಡು ನಗುತ್ತಾ ಕುಳಿತರು. ಕೆಟ್ಟುಹೋಗುವ ಮಾಲು ಬೆಲೆಗಾಗಿ ಕಾಯಲಾರದು ಎಂಬುದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ. ಸಂಜೆ ನನ್ನ ಎದುರಿಗೇ ಕುಲಸಚಿವರಿಗೆ ಅಂದರು: "ಈಯಮ್ಮನ ಕ್ಲಾಸಲ್ಲಿ ನಂಗೆ ನಿದ್ದೆ ಬರ್ನಿಲ್ಲ. ಉಳಿಸ್ಕಳಿ."

ಹೋದ ವರ್ಷ, ಓಡಾಟ ಸಾಕು ಎಂದು ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಯ ಭಾಷಣಗಳುದ್ದಕ್ಕೂ ಹಾರ ಹಾಕಿಕೊಂಡೇ ತೂಕಡಿಸಿದರು. ಬಸ್ಸು ಹತ್ತಿಸಲು ನಾನೂ ಹೋದೆ. ಕಿಟಕಿಯ ಕೆಳಗೆ ನಿಂತು ತಲೆ ತಗ್ಗಿಸಿ, ನೀವಿಲ್ಲದಿದ್ದರೆ ನಾನಿಲ್ಲಿ ಇರುತ್ತಿರಲಿಲ್ಲ ಎಂದು, ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಒಪ್ಪಿಸಿದೆ. ಬಸ್ಸು ಕದಲಿತು. ತಲೆಯೆತ್ತಿ ನೋಡಿದರೆ ಮೇಷ್ಟ್ರು ಕಿಟಕಿಯ ಸರಳಿಗೆ ಹಣೆ ಆನಿಸಿ ಗಾಢನಿದ್ದೆಯಲ್ಲಿದ್ದರು.

ಫೇಲಾಗಿ ಅಷ್ಟು ನಕ್ಕವಳು ನಾನೊಬ್ಬಳೇ ಇರಬೇಕು.