ಅವ್ವ ಕುಡಿದು ನೋಡಿದ ಬೇರು

ಅವ್ವ ಹೋದ ಮೇಲೆ ಅವಳ ಡಬ್ಬಿಗಳನ್ನು ತೊಳೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಓಮದ ಡಬ್ಬಿಯ ಮುಚ್ಚಳ ತೆಗೆದೆ. ವಾಸನೆ ಹಾಗೇ ಇತ್ತು. ಅಳು ಬರಲಿಲ್ಲ. ಮುಚ್ಚಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾವು ಹರಿಯಬ್ಬೆಯಲ್ಲಿದ್ದೆವು. ಮುಟ್ಟಾದವರು ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಇರಬೇಕಿತ್ತು. ನನಗೆ ಪ್ರತಿ ತಿಂಗಳೂ ವಿಪರೀತ ಹೊಟ್ಟೆನೋವು. ಅವ್ವ ಓಮ, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸಿ, ನನ್ನನ್ನು ಮುಟ್ಟದೆ ಮೇಲಿನಿಂದ ಲೋಟಕ್ಕೆ ಸುರಿಯುತ್ತಿದ್ದಳು. ಕುಡಿದರೆ ಹಿತವಾಗುತ್ತಿತ್ತು. ನೋವು ಹೋಗುತ್ತಿರಲಿಲ್ಲ.

ಒಂದು ಸಲ ನೋವಿಗೆ ವಾಂತಿಯೂ ಆಯಿತು. ಅವ್ವ ಹೆದರಿ, ಊರಿಗೆ ಬಂದಿದ್ದ ಬೇರು ಮಾರುವವಳ ಹತ್ತಿರ ಹೋಗಿ ಹೊಟ್ಟೆನೋವಿಗೆಂದು ಒಂದು ಬೇರು ತಂದಳು. ಯಾವ ಗಿಡದ್ದೆಂದು ಕೇಳಿದ್ದಕ್ಕೆ, ಹೆಸರು ಹೇಳಿದರೆ ಮದ್ದು ಹಿಡಿಯುವುದಿಲ್ಲ ಎಂದಳಂತೆ. ಮರುದಿನ ಬೆಳಿಗ್ಗೆ ಅವ್ವ ಅದನ್ನು ಕುದಿಸಿ ತಂದಳು. ನಾನು ಲೋಟ ಚಾಚಿದೆ.

"ತಡಿ. ಗೊತ್ತಿಲ್ಲದ ಬೇರು. ಇವತ್ತು ನಾನು ಕುಡಿದು ನೋಡ್ತೀನಿ, ನಾಳೆ ನಿಂಗೆ."

"ನೋವು ನಂಗೆ, ಮದ್ದು ನಿಂಗಾ?"

"ಹೊಟ್ಟೆ ನೋಯ್ತಾ ಐತೆ ಅಂತೀಯ, ಬಾಯಿ ಮಾತ್ರ ಚೆನ್ನಾಗೈತೆ" ಎಂದು ನಕ್ಕು, ಮುಖ ಹಿಂಡಿಕೊಂಡು ಅಲ್ಲೇ ಕುಡಿದಳು.

ಅವಳಿಗೆ ಕೆಲವು ತಿಂಗಳಿಂದ ಮುಟ್ಟು ನಿಂತಿತ್ತು. ವಯಸ್ಸಿಗೆ ನಿಂತಿತೆಂದು ಸುಮ್ಮನಿದ್ದಳು. ಸಂಜೆ ಹೊಟ್ಟೆ ಹಿಡಿದುಕೊಂಡು ಚಪ್ಪರಕ್ಕೆ ಬಂದಳು. ಸೀರೆಯೆಲ್ಲ ರಕ್ತದಲ್ಲಿ ನೆನೆದಿತ್ತು. ಇಬ್ಬರೂ ಹೊರಗಾಗಿದ್ದರಿಂದ ಮುಟ್ಟಬಹುದಿತ್ತು. ನನ್ನ ಭುಜಕ್ಕೆ ಒರಗಿ ಕುಳಿತಳು.

"ನೀನು ಕುಡೀಲಿಲ್ಲ ತಾನೆ?" ಎಂದಳು. ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು.

ಅಪ್ಪ ಅವಳನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ದರು. ಬಸಿರು ಹೋಗಿದೆ ಎಂದರಂತೆ ಡಾಕ್ಟರು. ಬೇರಿನಿಂದಲೇ ಹೀಗಾಯಿತೆಂದು ಹೇಳಲಾಗದು, ಆದರೆ ಏನೆಂದು ಗೊತ್ತಿಲ್ಲದ್ದನ್ನು ಯಾರೂ ಕುಡಿಯಬಾರದು, ಬಸುರಿಯಂತೂ ಕುಡಿಯಲೇಬಾರದು ಎಂದರಂತೆ. ತಿಂಗಳು ತಿಂಗಳೂ ಇಷ್ಟು ನೋಯುವ ಹುಡುಗಿಯನ್ನೂ ಕರೆತಂದು ತೋರಿಸಿ ಎಂದರಂತೆ. ಅಪ್ಪ ನನ್ನನ್ನು ಕರೆದೊಯ್ಯಲಿಲ್ಲ.

ಅವ್ವ ಬದುಕಿಕೊಂಡಳು. ಉಳಿದ ಬೇರನ್ನು, ಆಡು ಕೂಡ ಮೂಸಬಾರದೆಂದು ಗುಂಡಿ ತೋಡಿ ಹೂತಳು. ಹೋದ ಕೂಸಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮುಂದಿನ ತಿಂಗಳು ಮತ್ತೆ ಅದೇ ಓಮದ ಕಷಾಯ, ಅದೇ ನೋವು. ಆದರೆ ಅವ್ವ ಲೋಟಕ್ಕೆ ಸುರಿದು ಹಿಂದೆ ಸರಿಯಲಿಲ್ಲ. ಚಪ್ಪರದೊಳಗೆ ಬಂದು ನನ್ನ ಬೆನ್ನು ನೀವಿದಳು. ಆಮೇಲೆ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದಳು. ನನ್ನ ಮದುವೆಯಾಗುವವರೆಗೂ ಹಾಗೇ ಮಾಡಿದಳು, ಚಳಿಗಾಲದಲ್ಲೂ.