ರೂಡಿ ಪೆರ್ಕೊನ ಎಡಗಾಲಿನ ಶೂಗಳು

ರೂಡಿ ಪೆರ್ಕೊನ ಬಲಗಾಲಿನ ಬಗ್ಗೆ ಕಾಪರ್ ಲೆಡ್ಜ್ ಊರಿನಲ್ಲಿ ಯಾರಿಗೂ ತಕರಾರಿರಲಿಲ್ಲ. ಐವತ್ತು ದಾಟಿದ್ದರೂ ಅದು ಹೇಳಿದಲ್ಲಿಗೆ ಹೋಗುತ್ತಿತ್ತು, ಹೇಳಿದಲ್ಲಿ ನಿಲ್ಲುತ್ತಿತ್ತು, ಮರ್ಯಾದಸ್ಥರ ಮನೆಯ ಕಾಲಿನಂತೆ ಬಾಳುತ್ತಿತ್ತು. ಮಾನ ಕಳೆಯುತ್ತಿದ್ದದ್ದು ಎಡಗಾಲು.

ಕೊಲೊರಾಡೊ ಬೆಟ್ಟಗಳ ನಡುವಿನ ಆ ಹಳೇ ಗಣಿಯೂರಿನಲ್ಲಿ ಹಿಮ ಕರಗಿ ದಾರಿ ಒಣಗಿದ ಮೇಲಿನ ಮೊದಲ ಭಾನುವಾರ ಊರಿಗೆ ಊರೇ ಬೆಟ್ಟದ ಸೈಕಲ್ ಹತ್ತಿ ಗಣಿಯ ದಾರಿ ಹಿಡಿಯುತ್ತದೆ. ಆ ದಾರಿಯ ಕೊನೆಯ ಏರಿಗೆ ಅಜ್ಜಿಮೂಗು ಅಂತ ಹೆಸರು. ಅಷ್ಟು ಕಡಿದು, ಅಷ್ಟು ಡೊಂಕು, ಅಷ್ಟೇ ಸಿಡುಕು. ಕಾಲು ನೆಲಕ್ಕೆ ಸೋಕಿಸದೆ ಅದನ್ನು ಹತ್ತಿದವರು ತುದಿಯಲ್ಲಿರುವ ಗಣಿಯ ಗಂಟೆ ಬಾರಿಸಬಹುದು. ಕಾಲು ಊರಿದವರು ಊರಿದ ಕಾಲಿನ ಶೂ ಕಳಚಿ, ಏರಿನ ಬುಡದ ಬೇಲಿಗೆ ಮೊಳೆ ಹೊಡೆದು ನೇತುಹಾಕಿ, ಒಂಟಿ ಶೂನಲ್ಲಿ ಮನೆಗೆ ಹೋಗಬೇಕು. ಹಾಗೆ ತೂಗಿದ ಶೂ ಬೇಲಿಯ ಆಸ್ತಿ. ವಾಪಸು ಕೇಳುವ ಹಾಗಿಲ್ಲ.

ಬೇಲಿಯ ಮೇಲೆ ಊರಿನ ಹೆಚ್ಚುಕಡಿಮೆ ಎಲ್ಲರದೂ ಒಂದೋ ಎರಡೋ ಇದ್ದವು. ರೂಡಿಯದು ಮಾತ್ರ ಒಂದು ಪೂರ್ತಿ ಸಾಲು. ಮದುವೆಯಾದ ವರ್ಷದ್ದು ಬಿಸಿಲಿಗೆ ಬೆಳ್ಳಗಾಗಿ ಬಾಯಿ ತೆರೆದಿತ್ತು, ಹೋದ ವರ್ಷದ್ದಕ್ಕೆ ಇನ್ನೂ ಲೇಸು ಹೊಳೆಯುತ್ತಿತ್ತು. ಎಲ್ಲವೂ ಎಡಗಾಲಿನವೇ. ಹೊರಗಿನಿಂದ ಬಂದವರು "ಪಾಪ, ಒಂಟಿ ಕಾಲಿನವರು ಯಾರೋ ಇಲ್ಲಿ ಬಹಳ ಸಲ ಬಂದಿದ್ದಾರೆ" ಎಂದು ಮರುಗಿ ಫೋಟೋ ತೆಗೆಯುತ್ತಿದ್ದರು.

ಜೋಡಿ ಕಳೆದುಕೊಂಡ ಬಲಗಾಲಿನ ಶೂಗಳು ಮನೆಯಲ್ಲಿ ಉಳಿಯುತ್ತಿದ್ದವು. ಹೆಂಡತಿ ಡೊರೀನ್ ಅವಕ್ಕೆ ಮಣ್ಣು ತುಂಬಿ ಅಡುಗೆಮನೆಯ ಕಿಟಕಿಯುದ್ದಕ್ಕೂ ಸಾಲಾಗಿಟ್ಟು ಪಾರ್ಸ್ಲಿ, ಪುದೀನ ಬೆಳೆಯುತ್ತಿದ್ದಳು. ಊರಿನ ಆಂಬುಲೆನ್ಸ್ ಓಡಿಸುವ ಹೆಂಗಸು ಅವಳು, ಗಂಡನಿಗಿಂತ ಒಂದು ಗೇಣು ಎತ್ತರ. ಯಾವುದಕ್ಕೂ ಗಾಬರಿಯಾಗುವ ಜಾತಿಯಲ್ಲ.

"ನಿನ್ನ ಸೋಲಿಂದ ಸೂಪಿಗೆ ಒಳ್ಳೇ ರುಚಿ ಬರುತ್ತೆ ಕಣೋ" ಅನ್ನುತ್ತಿದ್ದಳು.

ರೂಡಿ ಚಳಿಗಾಲದಲ್ಲಿ ಸ್ಕೀ ಬೆಟ್ಟಕ್ಕೆ ಜನರನ್ನು ಹೊತ್ತೊಯ್ಯುವ ತಂತಿ ಲಿಫ್ಟು ರಿಪೇರಿ ಮಾಡುತ್ತಿದ್ದ, ಬೇಸಿಗೆಯಲ್ಲಿ ಸೈಕಲ್ ದಾರಿಗಳಿಗೆ ಬಿದ್ದ ಮರ ಕಡಿದು ಸರಿಸುತ್ತಿದ್ದ. ಸ್ಲೊವೇನಿಯಾದಿಂದ ಗಣಿಗೆ ಬಂದವನ ಮೊಮ್ಮಗ. ಆ ಗಂಟೆಯನ್ನು ಅವನ ಅಜ್ಜ ಪಾಳಿ ಮುಗಿದಾಗ ಬಾರಿಸುತ್ತಿದ್ದ, ಅಪ್ಪ ಗಣಿ ಮುಚ್ಚಿದ ದಿನ ಬಾರಿಸಿದ್ದ. ಪೆರ್ಕೊ ಮನೆತನದಲ್ಲಿ ಅದರ ಹಗ್ಗ ಮುಟ್ಟದ ಮೊದಲ ಗಂಡಸು ತಾನೇ ಎನ್ನುವುದು ರೂಡಿಗೆ ಚೆನ್ನಾಗಿ ಗೊತ್ತಿತ್ತು. ಮರೆತರೆ ನೆನಪಿಸಲು ಮಿಟ್ಜಿ ಕ್ರಾಲ್ ಇದ್ದಳು. ಎಪ್ಪತ್ತು ಸಮೀಪಿಸಿದ್ದ ಮಿಟ್ಜಿ ಊರಿನ ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಒಂದೇ ಗೇರಿನ ಹಳೇ ಸೈಕಲ್ಲಿನಲ್ಲಿ ಪ್ರತಿ ವರ್ಷ ಅಜ್ಜಿಮೂಗು ಹತ್ತಿ ಗಂಟೆ ಹೊಡೆದು, ಅಲ್ಲೇ ಬಂಡೆಯ ಮೇಲೆ ಕೂತು, ಮನೆಯಲ್ಲಿ ಮಾಡಿ ತಂದ ಅಕ್ರೋಟಿನ ಸುರುಳಿ ಬ್ರೆಡ್ಡು ತಿನ್ನುತ್ತ ಮಿಕ್ಕವರ ಪತನವನ್ನು ನೋಡುವುದು ಅವಳ ಹವ್ಯಾಸ. ಯಾರ ಕಾಲು ನೆಲ ಮುಟ್ಟಿತು, ಯಾರದ್ದು ಮುಟ್ಟಲಿಲ್ಲ ಎಂಬುದರಲ್ಲಿ ಅವಳ ತೀರ್ಪೇ ಅಂತಿಮ.

ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಶರತ್ಕಾಲದ ಪೋಲ್ಕಾ ಕುಣಿತ ನಡೆದಾಗ ಎರಡು ಲೋಟ ಪ್ಲಮ್ ಬ್ರಾಂದಿ ಏರಿಸಿದ ರೂಡಿ ಬೆಂಚು ಹತ್ತಿ ಪ್ರತಿಜ್ಞೆ ಮಾಡಿಬಿಟ್ಟ.

"ತಪ್ಪು ನನ್ನ ಕಾಲಿಂದಲ್ಲ! ಅಂಗಡಿ ಸೈಕಲ್ಲಿಂದು! ಎಲ್ಲರಿಗೂ ಅಂತ ಮಾಡಿದ್ದು ಯಾರಿಗೂ ಹೊಂದಲ್ಲ. ಈ ಚಳಿಗಾಲ ನನ್ನ ಮೈಗೆ ತಕ್ಕ ಸೈಕಲ್ ನಾನೇ ಕಟ್ತೀನಿ. ಮುಂದಿನ ಬೇಸಿಗೆ ಗಂಟೆ ಹೊಡಿತೀನಿ!"

"ಹೊಡೀದಿದ್ರೆ?" ಕೆಳಗಿನಿಂದ ಮಿಟ್ಜಿ ಕೇಳಿದಳು.

"ಹೊಡೀದಿದ್ರೆ... ಹೊಡೀದಿದ್ರೆ ಗ್ಯಾರೇಜು ಡೊರೀನ್‌ಗೆ ಬಿಟ್ಕೊಡ್ತೀನಿ!"

ಕುಣಿಯುತ್ತಿದ್ದವರೆಲ್ಲ ಬೆಂಚಿನ ಕಡೆ ತಿರುಗಿದರು. ಗ್ಯಾರೇಜೆಂದರೆ ರೂಡಿಯ ಪ್ರಾಣ. ಮದುವೆಯಾದಾಗಿನಿಂದ ಡೊರೀನ್‌ಳ ಕಾರು ಬೀದಿಯಲ್ಲಿ ಹಿಮ ಹೊದ್ದು ಮಲಗುತ್ತಿತ್ತು, ರೂಡಿಯ ಸೈಕಲ್ಲುಗಳು ಒಳಗೆ ಹೀಟರಿನ ಮುಂದೆ ಮೈ ಕಾಯಿಸುತ್ತಿದ್ದವು.

ಡೊರೀನ್ ತನ್ನ ಲೋಟ ಎತ್ತಿ "ಎಲ್ರೂ ಕೇಳಿಸ್ಕೊಂಡ್ರಲ್ಲ?" ಅಂದಳು.

ಹೀಗೆ ಆರಂಭವಾಯಿತು ಮಹಾಯಾಗ. ಸೈಕಲ್ ಅಂಗಡಿಯ ಗಸ್ ಹಾಲ್ವರ್ಸನ್, ರೂಡಿಯ ಬಾಲ್ಯದ ಗೆಳೆಯ, ಉಕ್ಕಿನ ಕೊಳವೆಗಳನ್ನು ತರಿಸಿಕೊಟ್ಟ. ಜೊತೆಗೆ ಬಿಟ್ಟಿ ಸಲಹೆಗಳನ್ನೂ ಕೊಟ್ಟ.

"ಅಳತೇನೇ ಎಲ್ಲ ಕಣೋ" ಎಂದ ಗಸ್, ಜನವರಿಯ ಒಂದು ಮಧ್ಯಾಹ್ನ, ಲಿಫ್ಟಿನ ಮೋಟಾರು ಕೋಣೆಯಲ್ಲಿ. ಇಬ್ಬರೂ ಊಟ ಮುಗಿಸಿದ್ದರು, ಹೊರಗೆ ಹಿಮ ಸುರಿಯುತ್ತಿತ್ತು. "ತೊಡೆ ಸಂದಿಯಿಂದ ನೆಲದವರೆಗೆ ಎಷ್ಟು ಅನ್ನೋದು ಸರಿಯಾಗಿ ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ತಾನೇ ಬರುತ್ತೆ. ನಿಂತ್ಕೊ, ಗೋಡೆಗೆ ಬೆನ್ನು ಕೊಡು. ಹೊಟ್ಟೆ ಒಳಗೆ ಎಳ್ಕೊ."

"ಹೊಟ್ಟೆಗೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ. ನನಗೆ ಅಡ್ಡ ಬರ್ತಿದೆ."

ರೂಡಿ ಗೋಡೆಗೆ ಅಂಟಿ ಸೈನಿಕನಂತೆ ನಿಂತ. ಗಸ್ ಮಟ್ಟಗೋಲನ್ನು ಅವನ ತೊಡೆಗಳ ನಡುವೆ ತೂರಿಸಿ ಮೇಲಕ್ಕೆ ಒತ್ತಿದ, ಅದರ ಗಾಜಿನ ನಳಿಗೆಯ ಗುಳ್ಳೆ ನಡುವಿಗೆ ಬರುವವರೆಗೆ ಒಂದು ಕಣ್ಣು ಮುಚ್ಚಿ ನೋಡಿದ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಮೂರು ಸಲ ಅಳೆದರು, ಮೂರು ಸಲವೂ ಅದೇ ಗೆರೆ. ಗುಡಿ ಕಟ್ಟುವ ಸ್ಥಪತಿಗಳೂ ಇಷ್ಟು ನಿಷ್ಠೆಯಿಂದ ಅಳೆದಿರಲಾರರು.

"ನಾನು ಅಂದ್ಕೊಂಡಿದ್ದಕ್ಕಿಂತ ಕಾಲು ಉದ್ದ ಇದೆ" ಎಂದ ರೂಡಿ ಹೆಮ್ಮೆಯಿಂದ.

"ಅದಕ್ಕೇ ಅಂಗಡಿ ಸೈಕಲ್ಲು ಹೊಂದ್ತಿರ್ಲಿಲ್ಲ ನಿನಗೆ" ಎಂದ ಗಸ್, ಪಂಡಿತನಂತೆ ತಲೆದೂಗುತ್ತ.

ಅಲ್ಲಿಂದ ವಸಂತದವರೆಗೆ ಗ್ಯಾರೇಜಿನಲ್ಲಿ ಬೆಂಕಿ ಆರಲಿಲ್ಲ. ಒಂದು ಕೊಳವೆ ಇನ್ನೊಂದನ್ನು ತಬ್ಬಿ ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯ ಹಾಗೆ ಅರದಲ್ಲಿ ಉಜ್ಜಿ ಉಜ್ಜಿ ಕೊರೆಯಬೇಕು. ರೂಡಿ ಉಜ್ಜಿದ. ನಡುವೆ ದೀಪ ಹಿಡಿದು ನೋಡಿದ, ಬೆಳಕು ನುಸುಳಿದರೆ ಮತ್ತೆ ಉಜ್ಜಿದ. ಹಳೇ ಓಕ್ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಕೊಳವೆಗಳನ್ನು ಕಟ್ಟಿ, ಹಿತ್ತಾಳೆ ಕರಗಿಸಿ ಬೆಸೆದ. ಕೆಂಪಗೆ ಕಾದ ಉಕ್ಕಿನ ಸಂದಿಗೆ ಹಿತ್ತಾಳೆ ಜೇನಿನಂತೆ ಹರಿದು ಇಳಿಯುವುದನ್ನು ಕಂಡಾಗೆಲ್ಲ ಅವನು "ಆಹಾ" ಎಂದು ಗಟ್ಟಿಯಾಗಿ ಅನ್ನುತ್ತಿದ್ದ. ಅಡುಗೆಮನೆಯಿಂದ ಡೊರೀನ್ "ಕೈ ಸುಟ್ಕೊಂಡ್ಯಾ, ಇಲ್ಲ ಸಂತೋಷಾನಾ?" ಎಂದು ಕೂಗುತ್ತಿದ್ದಳು. ಎರಡಕ್ಕೂ ಅವನು ಒಂದೇ ದನಿ ತೆಗೆಯುತ್ತಿದ್ದ.

ಬೆಸುಗೆಯ ಅಭ್ಯಾಸಕ್ಕೆಂದು ಹಳೇ ಸೈಕಲ್ಲಿನ ಚೌಕಟ್ಟನ್ನು ತುಂಡು ಮಾಡಿದ. ಅದರ ಚಕ್ರ, ಬ್ರೇಕು, ಪೆಡಲುಗಳನ್ನು ಹೊಸದಕ್ಕೆ ತೊಡಿಸಿದ. ಲಿಫ್ಟಿನ ಕಂಬಗಳಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ ಹಚ್ಚಿದ. ಅಜ್ಜಿ ತನ್ನನ್ನು ಮುದ್ದಿಗೆ ಕರೆಯುತ್ತಿದ್ದ ಹೆಸರನ್ನೇ ಅದಕ್ಕೂ ಇಟ್ಟ: ದ್ರಾಗಿ. ಮುದ್ದು ಅಂತ ಅರ್ಥ.

ಭಾನುವಾರಕ್ಕೆ ಇನ್ನು ಎರಡು ದಿನವಿದ್ದಾಗ ದ್ರಾಗಿ ಬೀದಿಗಿಳಿಯಿತು. ಕ್ಯಾನ್ವಾಸ್ ಶೂ ತೊಟ್ಟ ರೂಡಿ ರಾಜಕುಮಾರ ಕುದುರೆ ಏರುವಂತೆ ಕಾಲು ಬೀಸಿ ಹತ್ತಿದ, ಬೀದಿಯ ತುದಿಯವರೆಗೆ ಬಾಣದಂತೆ ಹೋದ, ತಿರುಗಿ ಬಂದ. ಆಹಾ, ಏನು ನಡಿಗೆ! ಗಸ್‌ನ ಮುಂದೆ ಬ್ರೇಕು ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಎಡಗಾಲು ನೆಲಕ್ಕೆ ಚಾಚಿದ.

ನೆಲ ಸಿಗಲಿಲ್ಲ. ನೆಲಕ್ಕಿಂತ ಮೊದಲು, ಸೀಟಿನಿಂದ ಹ್ಯಾಂಡಲಿಗೆ ಹಾಯ್ದ ಮೇಲಿನ ಕೊಳವೆ ಸಿಕ್ಕಿತು.

ರೂಡಿಯ ಬಾಯಿಂದ ಹೊರಟ ಸದ್ದಿಗೆ ಪಕ್ಕದ ಮನೆಯ ನಾಯಿ ಸಹಾನುಭೂತಿಯಿಂದ ಊಳಿಟ್ಟಿತು. ಅವನು ಸೈಕಲ್ ಸಮೇತ ಡೊರೀನ್‌ಳ ಹೂವಿನ ಪಾತಿಗೆ ಉರುಳಿದ.

"ಎತ್ತರ ಆಯ್ತಲ್ಲೋ!" ಗಸ್ ಅಳತೆಪಟ್ಟಿ ತಂದು ಕೊಳವೆ ಅಳೆದ, ಅಂಗಾತ ಬಿದ್ದ ಗೆಳೆಯನ ಕಾಲನ್ನೂ ಅಳೆದ. "ಎರಡು ಅಂಗುಲ ವ್ಯತ್ಯಾಸ. ಚಳಿಗಾಲದಿಂದ ಈಚೆಗೆ ಕುಗ್ಗಿದ್ಯಾ ನೀನು?"

"ಮನುಷ್ಯ ಕುಗ್ತಾನೇನೋ, ಉಲ್ಲನ್ ಸ್ವೆಟರಾ ನಾನು? ಮೂರು ಸಲ ಅಳೆದೆಯಲ್ಲೋ ಕತ್ತೆ!"

"ಅಳೆದೆ. ಗೋಡೆ ಮೇಲೆ ಗೆರೆ ಇನ್ನೂ ಇದೆ."

ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಡೊರೀನ್ ತಲೆಯೆತ್ತದೆ ಕೇಳಿದಳು: "ಅಳೆದಾಗ ಕಾಲಲ್ಲಿ ಏನಿತ್ತು?"

ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಪರ್ ಲೆಡ್ಜ್‌ನಲ್ಲಿ ನವೆಂಬರಿನಲ್ಲಿ ಕಾಲಿಗೇರಿದ ಸ್ಕೀ ಬೂಟು ಮಲಗುವ ಹೊತ್ತಿಗಷ್ಟೇ ಇಳಿಯುತ್ತದೆ. ಊಟ, ಹರಟೆ, ಚರ್ಚು, ಜಗಳ, ಎಲ್ಲ ಅದರಲ್ಲೇ. ಏಪ್ರಿಲ್ ತನಕ ಅದು ಬೂಟೆಂದು ಯಾರಿಗೂ ಅನಿಸುವುದೇ ಇಲ್ಲ, ಕಾಲಿನದೇ ಒಂದು ಭಾಗ. ಆ ಬೂಟಿನ ಅಟ್ಟೆ ಸರಿಯಾಗಿ ಎರಡು ಅಂಗುಲ ದಪ್ಪ.

ಡೊರೀನ್ ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. "ಗ್ಯಾರೇಜಿನ ಬಾಗಿಲಿಗೆ ನೀಲಿ ಬಣ್ಣ ಹೊಡೆಸೋಣ ಅಂತಿದ್ದೀನಿ" ಅಂದಳು.

ಹಳೇ ಸೈಕಲ್ ತುಂಡಾಗಿತ್ತು. ಗಸ್ ತನ್ನದನ್ನು ಕೊಡುತ್ತೇನೆಂದ. ರೂಡಿ ಒಪ್ಪಲಿಲ್ಲ. ಬೇರೆಯವರ ಕುದುರೆಯ ಮೇಲೆ ಕೂತು ಕೋಟೆ ಗೆದ್ದರೆ ಅದೆಂಥ ಗೆಲುವು? ದ್ರಾಗಿಯ ಮೇಲೆಯೇ ಹೋಗುವುದೆಂದು ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ ಏರಿನ ಬುಡದಲ್ಲಿ ಊರು ನೆರೆಯಿತು. ರೂಡಿ ಗಸ್‌ನ ಪಿಕಪ್ ಟ್ರಕ್ಕಿನ ಹಿಂಬಾಗಿಲಿನ ಮೇಲೆ ನಿಂತು ಅಲ್ಲಿಂದ ಸೈಕಲ್ ಏರಿದ. ಕಂಡವರು ಸುಮ್ಮನಿರುತ್ತಾರೆಯೇ?

"ರೂಡಿ, ಏಣಿ ತರ್ಲಾ?"

"ಎಡ ಶೂ ಈಗ್ಲೇ ಬಿಚ್ಚಿಕೊಟ್ಟು ಹೋಗಪ್ಪ, ಮೊಳೆ ರೆಡಿ ಇದೆ!"

ಮೇಲಿನ ಬಂಡೆಯಿಂದ ಮಿಟ್ಜಿಯ ದನಿ ಇಳಿದು ಬಂತು. ಅವಳು ಆಗಲೇ ಹತ್ತಿ, ಗಂಟೆ ಹೊಡೆದು, ಬ್ರೆಡ್ಡಿನ ಪೊಟ್ಟಣ ಬಿಚ್ಚಿದ್ದಳು. "ಬಾ ಮಗನೇ, ಬಾ! ನೀನು ಬರೋತನಕ ತಿನ್ನಲ್ಲ ಅಂದ್ರೆ ಉಪವಾಸ ಸಾಯ್ತೀನಿ, ಅದಕ್ಕೇ ಶುರು ಮಾಡಿದ್ದೀನಿ!"

ರೂಡಿ ಪೆಡಲು ತುಳಿದ. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಎದೆ ತಿದಿಯಂತೆ ಊದಿ ಇಳಿಯುತ್ತಿತ್ತು, ಬೆವರು ಕಣ್ಣಿಗಿಳಿಯಿತು. ಮುಂದೆ ಬಂತು ಆ ಬೇರು. ದಾರಿಗೆ ಅಡ್ಡ ಮಲಗಿದ, ಗೇಣೆತ್ತರಕ್ಕೆ ಮೆಟ್ಟಿಲಾದ ಹಳೇ ಸ್ಪ್ರೂಸ್ ಮರದ ಬೇರು. ಬೇಲಿಯ ಮೇಲಿನ ಅಷ್ಟೂ ಶೂಗಳು ಈ ಒಂದೇ ಜಾಗದ ಕಾಣಿಕೆ. ಇಲ್ಲಿಗೆ ಬಂದೊಡನೆ ಎಡಗಾಲು, ಮನೆ ಗೇಟು ಕಂಡ ನಾಯಿಯಂತೆ, ಯಜಮಾನನನ್ನು ಕೇಳದೆ ತಾನೇ ಇಳಿದುಬಿಡುತ್ತಿತ್ತು.

ಮುಂದಿನ ಚಕ್ರ ಬೇರು ಹತ್ತಿತು. ಹಿಂದಿನದು ಜಾರಿತು, ನಿಂತಿತು. ಸೈಕಲ್ ಎಡಕ್ಕೆ ವಾಲಿತು. ಎಡಗಾಲು, ಅಭ್ಯಾಸದಂತೆ, ಪೆಡಲು ಬಿಟ್ಟು ಹೊರಟಿತು.

ಆ ಕ್ಷಣದಲ್ಲಿ ರೂಡಿಗೆ ಶುಕ್ರವಾರ ನೆನಪಾಯಿತು. ಶುಕ್ರವಾರದ ಕೊಳವೆ ನೆನಪಾಯಿತು. ಮೆದುಳಿಗಿಂತ ಬಹಳ ಕೆಳಗಿರುವ, ಆದರೆ ಇಂಥ ವಿಷಯದಲ್ಲಿ ಬಹಳ ಹೆಚ್ಚು ಬುದ್ಧಿಯಿರುವ ಒಂದು ಜಾಗದಿಂದ ಆಜ್ಞೆ ಹೊರಟಿತು: ಇಳೀಬೇಡ!

ಎಡಗಾಲು ಗಾಳಿಯಲ್ಲಿ ತಡಬಡಿಸಿತು. ನೆಲವನ್ನು ಹುಡುಕಿತು, ನೆಲ ಬಲುದೂರ. ಜೀವಮಾನದಲ್ಲಿ ಮೊದಲ ಬಾರಿಗೆ ನಾಚಿಕೊಂಡು ಪೆಡಲಿಗೆ ಹಿಂದಿರುಗಿ, ಭಯಂಕರ ಬಲದಿಂದ ತುಳಿಯಿತು. ಹಿಂದಿನ ಚಕ್ರ ಬೇರನ್ನು ಕಚ್ಚಿತು, ಹತ್ತಿತು. ರೂಡಿ ಬೇರಿನ ಆಚೆಗಿದ್ದ.

ಆಚೆ ಏನಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಸೈಕಲ್ ಮೇಲೆ ಕೂತು ಯಾವತ್ತೂ ನೋಡಿದವನಲ್ಲ. ಬುಡದಲ್ಲಿ ನಗುತ್ತಿದ್ದ ಊರು ಒಮ್ಮೆಲೇ ಬೊಬ್ಬೆಯಿಟ್ಟಿತು. "ತುಳಿಯೋ! ತುಳಿಯೋ ರೂಡಿ!" ಎಲ್ಲಕ್ಕಿಂತ ಮೇಲೆ ಡೊರೀನ್‌ಳ ದನಿ ಕೇಳಿತು. ಗ್ಯಾರೇಜು ಕೈತಪ್ಪುತ್ತಿದ್ದರೂ ಆಂಬುಲೆನ್ಸಿನ ಸೈರನ್ನಿನಂತೆ ಕೂಗುತ್ತಿದ್ದಳು.

ತುದಿ ಬಂತು. ಗಂಟೆಯೂ ಬಂತು. ಆದರೆ ನಿಲ್ಲುವುದು ಹೇಗೆ? ನಿಂತರೆ ಕಾಲೂರಬೇಕು, ಕಾಲೂರಿದರೆ ಶುಕ್ರವಾರ. ರೂಡಿ ಗಂಟೆಯ ಕಂಬಕ್ಕೆ ಪ್ರದಕ್ಷಿಣೆ ಹಾಕತೊಡಗಿದ.

"ಬಾರಿಸೋ!" ಮಿಟ್ಜಿ ಬಾಯಿತುಂಬ ಬ್ರೆಡ್ಡಿಟ್ಟುಕೊಂಡು ಕಿರುಚಿದಳು. "ಏನು ಸುತ್ತು ಹೊಡೀತಿದ್ದೀಯ, ಮದುವೇನಾ ಅದರ ಜೊತೆ?"

"ಇಳಿಯೋಕಾಗ್ತಿಲ್ಲ ಮಿಟ್ಜಿ!"

ಇನ್ನೊಂದು ಸುತ್ತು. ಉಸಿರು ಮುಗಿಯುತ್ತ ಬಂತು. ಕೊನೆಗೆ ರೂಡಿ ಎರಡೂ ಕೈಗಳನ್ನು ಹ್ಯಾಂಡಲಿನಿಂದ ಎತ್ತಿ, ಅಜ್ಜನೂ ಅಪ್ಪನೂ ಹಿಡಿದ ಆ ಹಗ್ಗವನ್ನು ತಬ್ಬಿ ನೇತುಬಿದ್ದ. ದ್ರಾಗಿ ಸವಾರನಿಲ್ಲದೆ ಕೆಳಗಿನಿಂದ ಜಾರಿ, ಹತ್ತು ಹೆಜ್ಜೆ ಗಂಭೀರವಾಗಿ ಸಾಗಿ, ಹುಲ್ಲಿನ ಮೇಲೆ ಒರಗಿತು. ರೂಡಿ ತೂಗಿದಂತೆಲ್ಲ ಗಂಟೆ ಹೊಡೆದುಕೊಂಡಿತು. ಗಣಿ ಮುಚ್ಚಿದ ದಿನದಿಂದ ಅಷ್ಟು ಹೊತ್ತು ಅದನ್ನು ಯಾರೂ ಬಾರಿಸಿರಲಿಲ್ಲ.

ಮೇಲೆ ಬಂದು ಸೇರಿದವರಲ್ಲಿ ಒಬ್ಬಿಬ್ಬರು ತಕರಾರು ತೆಗೆದರು. ಬೇರಿನ ಹತ್ತಿರ ಕಾಲು ಪೆಡಲು ಬಿಟ್ಟಿತ್ತು ಅಂದರು. ಮಿಟ್ಜಿ ತುಟಿಯ ಮೇಲಿನ ಅಕ್ರೋಟಿನ ಪುಡಿ ಒರೆಸಿಕೊಂಡು ತೀರ್ಪು ಕೊಟ್ಟಳು. "ಬಿಟ್ಟಿದ್ದು ನಾನೂ ನೋಡಿದೆ. ಆದ್ರೆ ನೆಲ ಮುಟ್ಟಿಲ್ಲ. ಮುಟ್ಟೋಕೆ ಅವನ ಕೈಲಾಗಿದ್ರೆ ಮುಟ್ಟೇ ಮುಟ್ತಿದ್ದ, ಅದು ಬೇರೆ ಮಾತು." ಬ್ರೆಡ್ಡಿನ ದೊಡ್ಡ ತುಂಡೊಂದನ್ನು ಅವನ ಕೈಗಿಟ್ಟಳು. "ತಿನ್ನು. ಇಷ್ಟು ವರ್ಷ ನಿನ್ನ ಪಾಲಿಂದೂ ನಾನೇ ತಿಂದಿದ್ದೀನಿ."

ಗಸ್ ಬಂದವನೇ ಗೆಳೆಯನ ಕಿವಿಯಲ್ಲಿ "ನನಗೂ ಒಂದು ಕಟ್ಟಿಕೊಡ್ತೀಯೇನೋ? ಎರಡು ಅಂಗುಲ ಜಾಸ್ತಿ ಇಟ್ಟು" ಎಂದ.

ಡೊರೀನ್ ಹುಲ್ಲಿನ ಮೇಲಿಂದ ದ್ರಾಗಿಯನ್ನು ಎತ್ತಿ, ಕಾಲು ಹಾಯಿಸಿ ನಿಂತಳು. ಅವಳ ಎರಡೂ ಪಾದಗಳು ನೆಲದ ಮೇಲೆ ಆರಾಮವಾಗಿದ್ದವು. ಕೊಳವೆ ಎಲ್ಲಿರಬೇಕೋ ಅಲ್ಲಿತ್ತು. "ಅಯ್ಯೋ, ನನಗೇ ಹೊಲಿಸಿದ ಹಾಗಿದೆ ಕಣೋ" ಅಂದವಳೇ ಬ್ರೇಕು ಬಿಟ್ಟು ಇಳಿಜಾರಿನಲ್ಲಿ ಮಾಯವಾದಳು.

ರೂಡಿ ನಡೆದೇ ಇಳಿದ. ಎರಡೂ ಕಾಲಿಗೆ ಶೂ ತೊಟ್ಟು ಆ ಬೇಲಿ ದಾಟುವುದು ಎಷ್ಟು ಸುಖವೆಂದು ತಿಳಿಯಲು ಒಂದು ಸಲ ಸಾಲದೆಂದು ಹಿಂದಕ್ಕೆ ಹೋಗಿ ಇನ್ನೊಮ್ಮೆ ದಾಟಿದ. ಮನೆ ತಲುಪಿದಾಗ ಡೊರೀನ್ ಅಡುಗೆಮನೆಯ ಕಿಟಕಿಯ ಬಳಿ ಮಣ್ಣಿನ ಬೋಗುಣಿ ಹಿಡಿದು ನಿಂತಿದ್ದಳು.

"ಈ ವರ್ಷದ ಪಾರ್ಸ್ಲಿಗೆ ಮಣ್ಣು ಹದ ಮಾಡಿಟ್ಟಿದ್ದೆ. ಬಲಗಾಲಿನ ಶೂ ಇಲ್ಲ. ಈಗ ಯಾವುದರಲ್ಲಿ ಹಾಕ್ಲಿ?" ಅವಳ ಕಣ್ಣು ಮೂಲೆಯಲ್ಲಿದ್ದ ಸ್ಕೀ ಬೂಟುಗಳ ಮೇಲೆ ಬಿತ್ತು.

ರೂಡಿ ಹಾರಿ ಹೋಗಿ ಬೂಟುಗಳನ್ನು ಎದೆಗವಚಿಕೊಂಡ.

"ಇವನ್ನ ಮಾತ್ರ ಮುಟ್ಟಬೇಡ ಕಣೇ. ದ್ರಾಗಿನ ನೀನೇ ಹೊಡ್ಕೊಂಡೆಯಲ್ಲ, ಇನ್ನೊಂದು ಕಟ್ಟೋಕೆ ಅಳತೆ ಬೇಕು."